ಮೂರು ಲೆಕ್ಕ, ಒಂದೇ ಜಾಗ: ಭಾನುವಾರದ ಫುಟ್‌ಬಾಲ್ ಲೀಗೊಂದರ ಪ್ರಕರಣ

ಪೂರ್ವ ಬೆಂಗಳೂರಿನ ಒಂದು ಸಾರ್ವಜನಿಕ ಮೈದಾನದಲ್ಲಿ ಎಂಟು ತಂಡಗಳು ಭಾನುವಾರ ಬೆಳಿಗ್ಗೆ ಆಡಿದ ಲೀಗ್ ಇದು. ಏಳನೇ ಸುತ್ತು ಮುಗಿದಾಗ ಸೆಮಿಫೈನಲ್‌ನಲ್ಲಿ ಉಳಿದಿದ್ದ ಒಂದೇ ಜಾಗವನ್ನು ಮೂರು ತಂಡಗಳು ತಮ್ಮದೆಂದು ಹೇಳಿಕೊಂಡವು. ಮೂವರೂ ಅಂಕಪಟ್ಟಿ ಹಿಡಿದುಕೊಂಡೇ ಬಂದಿದ್ದರು. ಯಾರ ಕೂಡುವಿಕೆಯಲ್ಲೂ ತಪ್ಪಿರಲಿಲ್ಲ. ಹೊರಗಿನ ಆಟಗಾರನನ್ನು ಕದ್ದು ಆಡಿಸಿದ ದೂರಿಲ್ಲ, ರೆಫರಿಯ ಮೇಲೆ ಸಿಟ್ಟಿಲ್ಲ, ವಯಸ್ಸು ಮುಚ್ಚಿಟ್ಟ ಗೋಲ್‌ಕೀಪರ್ ಇಲ್ಲ. ನಮ್ಮ ಬಡಾವಣೆಗಳ ಟೂರ್ನಿಗಳಲ್ಲಿ ಜಗಳಕ್ಕೆ ಕಾರಣವಾಗುವ ಮಾಮೂಲಿ ಸಂಗತಿಗಳಲ್ಲಿ ಒಂದೂ ಇರಲಿಲ್ಲ. ಆದರೂ ಜಗಳ ಮೂರು ವಾರ ನಡೆಯಿತು, ಸೆಮಿಫೈನಲ್ ಅಷ್ಟೂ ದಿನ ಕಾಯಿತು.

ಮುಂದಿನ ಸಾಲಿನ ನಿಯಮಗಳನ್ನು ಬರೆದುಕೊಡಿ ಎಂದು ಸಂಘಟಕರು ಕೇಳಿದಾಗ ಹಿಂದಿನ ಸಾಲಿನ ಸ್ಕೋರ್ ಪುಸ್ತಕ ಮತ್ತು ವಾಟ್ಸ್ಆ್ಯಪ್ ಗುಂಪಿನ ಸಂದೇಶಗಳು ನನ್ನ ಕೈಗೆ ಬಂದವು. ತಂಡಗಳ ನಿಜವಾದ ಹೆಸರು ಬರೆಯಬಾರದೆಂಬ ಷರತ್ತಿದೆ. ಹಾಗಾಗಿ ಮರಗಳ ಹೆಸರಿಡುತ್ತೇನೆ: ಆಲ, ಬೇವು, ಮಾವು, ಹೊಂಗೆ, ಹಲಸು, ತೆಂಗು, ಅತ್ತಿ, ನೇರಳೆ. ಜಗಳವಾಡಿದ ಮೂವರು ಹೊಂಗೆ, ಹಲಸು ಮತ್ತು ತೆಂಗು. ಅದಕ್ಕೆ ಕಾರಣವಾದ, ಆದರೆ ಜಗಳದಲ್ಲಿ ಬಾಯಿಯನ್ನೇ ತೆರೆಯದ ತಂಡ ನೇರಳೆ.

ಇಂಥ ಲೀಗ್ ಎಲ್ಲಿ ನಿಲ್ಲುತ್ತದೆ

ಬೆಂಗಳೂರಿನಲ್ಲಿ ಫುಟ್‌ಬಾಲ್‌ಗೆ ಒಂದು ಅಧಿಕೃತ ಏಣಿ ಇದೆ. ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳು. ಮೇಲೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಈ ವ್ಯವಸ್ಥೆಯ ಮನೆ. ಗೆದ್ದವರು ಮೇಲೇರುತ್ತಾರೆ, ಸೋತವರು ಇಳಿಯುತ್ತಾರೆ, ಆಟಗಾರರ ನೋಂದಣಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಕೇಂದ್ರೀಕೃತ ವ್ಯವಸ್ಥೆಯಲ್ಲಿ ನಡೆಯುತ್ತದೆ. ಸಂಬಳಕ್ಕೆ ಆಡುವವರಿಲ್ಲದೆಯೂ ಈ ನಗರ ದೊಡ್ಡ ಕೆಲಸ ಮಾಡಿದೆ. 1977ರಲ್ಲಿ ದೇಶದ ಕ್ಲಬ್‌ಗಳ ಟೂರ್ನಿಯಾದ ಫೆಡರೇಷನ್ ಕಪ್‌ನ ಮೊದಲ ಫೈನಲ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಕಪ್ ಗೆದ್ದದ್ದು ದೂರವಾಣಿ ಉಪಕರಣ ತಯಾರಿಸುತ್ತಿದ್ದ ನಮ್ಮ ಐಟಿಐ ಕಾರ್ಖಾನೆಯ ತಂಡ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಾಗ, ಅದು ಮೈಸೂರು ರಾಜ್ಯ 1968–69ರಲ್ಲಿ ಗೆದ್ದ ನಂತರದ ಮೊದಲ ಗೆಲುವಾಗಿತ್ತು.

ಆ ಏಣಿಯ ಮೊದಲ ಮೆಟ್ಟಿಲಿಗೂ ಕೆಳಗೆ, ನೆಲದ ಮೇಲೆ, ಯಾವ ಕಡತದಲ್ಲೂ ಇಲ್ಲದ ಲೀಗ್‌ಗಳಿವೆ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಹಲಸೂರು ಬಳಿಯ ಗೌತಮಪುರದಲ್ಲಿ, ಆಸ್ಟಿನ್ ಟೌನ್‌ನಲ್ಲಿ, ಮರ್ಫಿ ಟೌನ್‌ನಲ್ಲಿ ಹುಡುಗರು ಕ್ರಿಕೆಟ್‌ಗಿಂತ ಮೊದಲು ಫುಟ್‌ಬಾಲ್ ಕಲಿಯುತ್ತಾರೆ. ಅಂಥ ಕಡೆ ಲೀಗ್ ಎಂದರೆ ಒಬ್ಬ ಕಾರ್ಯದರ್ಶಿ, ಒಂದು ನೋಟ್‌ಬುಕ್, ಬಾಡಿಗೆಗೆ ತಂದ ಗೋಲು ಬಲೆ ಮತ್ತು ಪ್ರತಿ ತಂಡದಿಂದ ಎತ್ತಿದ ಪ್ರವೇಶ ಶುಲ್ಕ. ಮೇಲ್ಮನವಿ ಸಲ್ಲಿಸಲು ಯಾವ ಸಂಸ್ಥೆಯೂ ಇಲ್ಲ. ಕಾರ್ಯದರ್ಶಿ ಹೇಳಿದ್ದೇ ಕೊನೆ. ಅವರೇ ಹೇಳದೆ ಸುಮ್ಮನಾದರೆ ಏನು ಮಾಡಬೇಕೆಂದು ಯಾರೂ ಯೋಚಿಸಿರುವುದಿಲ್ಲ.

ನಾಕೌಟ್ ಬಿಟ್ಟು ಲೀಗ್ ಏಕೆ

ಎಂಟು ತಂಡಗಳ ನಾಕೌಟ್‌ಗೆ ಏಳು ಪಂದ್ಯ ಸಾಕು. ಪ್ರತಿ ಪಂದ್ಯ ಒಬ್ಬರನ್ನು ಮನೆಗೆ ಕಳುಹಿಸುತ್ತದೆ, ಕೊನೆಗೆ ಉಳಿಯುವವರು ಒಬ್ಬರು. ಎಷ್ಟು ತಂಡಗಳಿದ್ದರೂ ಒಂದು ಕಡಿಮೆ ಮಾಡಿದರೆ ಪಂದ್ಯಗಳ ಸಂಖ್ಯೆ ಸಿಗುತ್ತದೆ. ತಂಡಗಳ ಸಂಖ್ಯೆ 8, 16, 32 ಆಗಿರದಿದ್ದರೆ ಮೊದಲ ಸುತ್ತಿನಲ್ಲಿ ಕೆಲವರಿಗೆ ‘ಬೈ’, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ, ಕೊಡಬೇಕು: ಹದಿಮೂರು ತಂಡಗಳಿದ್ದರೆ ಮೂವರಿಗೆ. ಎರಡು ಭಾನುವಾರದಲ್ಲಿ ಮುಗಿಸಿ, ಸಂಜೆ ಶಾಮಿಯಾನದ ಕೆಳಗೆ ಕಪ್ ಹಂಚಿ, ಭಾಷಣ ಮಾಡಿಸಿ ಮನೆಗೆ ಹೋಗಬಹುದು. ಚುನಾವಣೆ ಹತ್ತಿರವಿದ್ದಾಗ ಬಡಾವಣೆಗಳಲ್ಲಿ ನಾಕೌಟ್ ಟೂರ್ನಿಗಳೇ ಹೆಚ್ಚು ನಡೆಯುವುದಕ್ಕೆ ಇದೇ ಕಾರಣವಿರಬೇಕು.

ಆದರೆ ನಾಕೌಟ್‌ನಲ್ಲಿ ಅರ್ಧದಷ್ಟು ತಂಡಗಳು ಒಂದೇ ಪಂದ್ಯ ಆಡಿ ಹೋಗುತ್ತವೆ. ಶುಲ್ಕ ಕಟ್ಟಿ, ಜೆರ್ಸಿ ಹೊಲಿಸಿಕೊಂಡು, ಅರವತ್ತು ನಿಮಿಷಕ್ಕೆ ಕತೆ ಮುಗಿಯುವುದು ವಾರಪೂರ್ತಿ ಕೆಲಸ ಮಾಡಿ ಭಾನುವಾರಕ್ಕಾಗಿ ಕಾಯುವವರಿಗೆ ಬೇಡವಾಗಿತ್ತು. ಆದ್ದರಿಂದ ಎಲ್ಲರೂ ಎಲ್ಲರೊಂದಿಗೂ ಒಮ್ಮೆ ಆಡುವ ಲೀಗ್ ಮಾಡಿದರು: ಇಪ್ಪತ್ತೆಂಟು ಪಂದ್ಯ, ಏಳು ಭಾನುವಾರ, ದಿನಕ್ಕೆ ನಾಲ್ಕು. ಮೊದಲ ನಾಲ್ಕು ಸ್ಥಾನದವರಿಗೆ ಸೆಮಿಫೈನಲ್. ಒಂದನೆಯವರಿಗೆ ನಾಲ್ಕನೆಯವರು, ಎರಡನೆಯವರಿಗೆ ಮೂರನೆಯವರು ಎದುರಾಳಿ.

ವೇಳಾಪಟ್ಟಿ ಮಾಡಿದ್ದು ಹಳೆಯ ಕ್ರಮದಲ್ಲಿ. ಎಂಟು ಹೆಸರುಗಳನ್ನು ಎರಡು ಸಾಲಿನಲ್ಲಿ ಎದುರುಬದುರು ಬರೆದು, ಒಂದು ಹೆಸರನ್ನು ಇದ್ದಲ್ಲೇ ಬಿಟ್ಟು ಉಳಿದ ಏಳನ್ನು ವಾರಕ್ಕೊಂದು ಮನೆಯಂತೆ ಚೌಕಾಬಾರದ ಕಾಯಿಗಳ ಹಾಗೆ ಸುತ್ತಿಸುವುದು. ಏಳು ವಾರಕ್ಕೆ ಎಲ್ಲ ಜೋಡಿಗಳೂ ಮುಗಿಯುತ್ತವೆ, ಒಂದೂ ಮರುಕಳಿಸುವುದಿಲ್ಲ. ಮೂವತ್ತು ನಿಮಿಷದ ಎರಡು ಅವಧಿ, ನಡುವೆ ಹತ್ತು ನಿಮಿಷ, ಮುಂದಿನ ತಂಡಗಳು ಇಳಿಯಲು ಹತ್ತು ನಿಮಿಷ. ಬೆಳಿಗ್ಗೆ ಆರಕ್ಕೆ ಮೊದಲ ಪಂದ್ಯ ಶುರುವಾದರೆ ನಾಲ್ಕನೆಯದಕ್ಕೆ ಹತ್ತು ಗಂಟೆ. ಅವಧಿಯನ್ನು ಹೀಗೆ ಕಡಿಮೆ ಮಾಡುವುದರಲ್ಲಿ ಅಡ್ಡದಾರಿ ಏನೂ ಇಲ್ಲ. ತಳಮಟ್ಟದ ಆಟದಲ್ಲಿ ಅವಧಿ, ಮೈದಾನದ ಅಳತೆ, ಬದಲಿ ಆಟಗಾರರು ಮರಳಿ ಇಳಿಯುವುದು ಇವನ್ನೆಲ್ಲ ಹೊಂದಿಸಿಕೊಳ್ಳಲು ಆಟದ ಅಂತರರಾಷ್ಟ್ರೀಯ ನಿಯಮಾವಳಿಯೇ ಅವಕಾಶ ಕೊಟ್ಟಿದೆ. ಹನ್ನೊಂದೂವರೆಯ ಹೊತ್ತಿಗೆ ಜಾಗ ಬಿಟ್ಟುಕೊಡದಿದ್ದರೆ ವಿಕೆಟ್ ಹಿಡಿದು ಕಾದು ನಿಂತ ಕ್ರಿಕೆಟ್ ಹುಡುಗರ ಜೊತೆ ಬೇರೆಯೇ ಪ್ರಕರಣ ಶುರುವಾಗುತ್ತಿತ್ತು.

ನಾಕೌಟ್‌ಗಿಂತ ಲೀಗ್ ನ್ಯಾಯವಾದದ್ದು ಎಂಬ ಮಾತು ನಿಜವೇ. ಆದರೆ ಆ ನ್ಯಾಯಕ್ಕೆ ಒಂದು ಷರತ್ತಿದೆ: ಎಲ್ಲರೂ ಕೊನೆಯವರೆಗೆ ಬರಬೇಕು. ನಾಕೌಟ್‌ನಲ್ಲಿ ಒಂದು ತಂಡ ಕೈಕೊಟ್ಟರೆ ಎದುರಾಳಿ ಮುಂದಿನ ಸುತ್ತಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಲೀಗ್‌ನಲ್ಲಿ ಒಬ್ಬರು ಎದ್ದು ಹೋದರೆ ಉಳಿದ ಪ್ರತಿಯೊಬ್ಬರ ಅಂಕವೂ ಅಲ್ಲಾಡುತ್ತದೆ, ಒಬ್ಬೊಬ್ಬರದು ಒಂದೊಂದು ರೀತಿಯಲ್ಲಿ.

ನೇರಳೆ ಹೋದದ್ದು

ನೇರಳೆ ತಂಡದ ಹೆಚ್ಚಿನ ಹುಡುಗರು ಅಂಗಡಿ ಮತ್ತು ಹೋಟೆಲುಗಳಲ್ಲಿ ಕೆಲಸಕ್ಕಿದ್ದವರು. ಮೊದಲ ನಾಲ್ಕು ಭಾನುವಾರ ಚೆನ್ನಾಗಿಯೇ ಆಡಿದರು: ಹೊಂಗೆಯನ್ನೂ ಅತ್ತಿಯನ್ನೂ ಸೋಲಿಸಿದರು, ಆಲದ ಎದುರು ಸೋತರು, ತೆಂಗಿನ ಎದುರು 1–0ರಿಂದ ಸೋತರು. ಅಷ್ಟರಲ್ಲಿ ದಸರಾ ಬಂತು. ಹಬ್ಬದ ಮಾರಾಟ ಶುರುವಾದ ಮೇಲೆ ಅಂಗಡಿಯವರು ಭಾನುವಾರ ರಜೆ ಕೊಡುವುದುಂಟೇ?

ಐದನೇ ಭಾನುವಾರ ಬೇವಿನ ಎದುರು ಆಡಲು ಬಂದವರು ಆರೇ ಜನ. ಒಂದು ಕಡೆ ಏಳಕ್ಕಿಂತ ಕಡಿಮೆ ಆಟಗಾರರಿದ್ದರೆ ಪಂದ್ಯ ಶುರು ಮಾಡುವಂತಿಲ್ಲ. ಇದು ವಿಶ್ವಕಪ್‌ಗೂ ಬಡಾವಣೆಗೂ ಒಂದೇ ನಿಯಮ. ಬೇವಿನವರು ತಮ್ಮಲ್ಲಿ ಒಬ್ಬ ಹುಡುಗನನ್ನು ಸಾಲ ಕೊಡುತ್ತೇವೆ ಎಂದರಂತೆ, ರೆಫರಿ ಒಪ್ಪಲಿಲ್ಲ. ಕಾರ್ಯದರ್ಶಿ ಸ್ಕೋರ್ ಪುಸ್ತಕದಲ್ಲಿ ಬೇವಿಗೆ 3–0 ಎಂದು ಬರೆದರು. ಆ ಬುಧವಾರ ನೇರಳೆಯ ನಾಯಕನ ಸಂದೇಶ ಬಂತು: ‘ಸಾರ್, ದೀಪಾವಳಿ ಮುಗಿಯುವ ತನಕ ನಮಗೆ ಭಾನುವಾರ ರಜೆ ಇಲ್ಲ. ಇನ್ನು ಬರಲು ಆಗುವುದಿಲ್ಲ. ದಯವಿಟ್ಟು ಕ್ಷಮಿಸಿ.’

ಕಾರ್ಯದರ್ಶಿ ಅದಕ್ಕೆ ಹೆಬ್ಬೆರಳಿನ ಚಿತ್ರ ಹಾಕಿದರು. ಇಡೀ ಪ್ರಕರಣದ ಬೇರು ಆ ಹೆಬ್ಬೆರಳು.

ಆ ಬುಧವಾರ ನೇರಳೆಗೆ ಮಾವು ಮತ್ತು ಹಲಸಿನ ಎದುರು ಪಂದ್ಯಗಳು ಉಳಿದಿದ್ದವು. ಎರಡು ದಾರಿಗಳಿದ್ದವು. ಒಂದು, ನೇರಳೆ ಆಡಿದ ಪಂದ್ಯಗಳನ್ನೆಲ್ಲ ಪುಸ್ತಕದಿಂದ ತೆಗೆದುಹಾಕಿ ಏಳು ತಂಡಗಳ ಲೀಗ್ ಎಂದು ಘೋಷಿಸುವುದು. ಇನ್ನೊಂದು, ಆಡಿದ್ದನ್ನು ಉಳಿಸಿಕೊಂಡು ಆಡದ ಪಂದ್ಯಗಳಿಗೆಲ್ಲ ಎದುರಾಳಿಗೆ ವಾಕೋವರ್, ಅಂದರೆ ಆಡದೆಯೇ ಗೆಲುವು, ಕೊಡುವುದು. ಯಾವುದನ್ನು ಘೋಷಿಸಿದ್ದರೂ ಅಂದು ಒಂದು ಗಂಟೆ ಗೊಣಗಾಟವಾಗಿ ಮುಗಿಯುತ್ತಿತ್ತು, ಏಕೆಂದರೆ ಇನ್ನೂ ಎರಡು ಸುತ್ತುಗಳು ಬಾಕಿ ಇದ್ದು ಯಾರಿಗೆ ಲಾಭ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಘೋಷಣೆ ಆಗಲಿಲ್ಲ. ಆರನೇ ಭಾನುವಾರ ಮಾವಿನ ಹೆಸರಿನ ಮುಂದೆ 3–0 ಬರೆಯುವ ಬದಲು ‘ಪಂದ್ಯವಿಲ್ಲ’ ಎಂದು ಬರೆದಿದ್ದಾರೆ. ಹಿಂದಿನ ವಾರ ಒಂದು ಬಗೆ, ಈ ವಾರ ಇನ್ನೊಂದು ಬಗೆ. ಪುಸ್ತಕವೇ ಎರಡು ನಾಲಿಗೆಯಲ್ಲಿ ಮಾತನಾಡತೊಡಗಿತು.

ಕೊನೆಯ ಭಾನುವಾರ

ಏಳನೇ ಸುತ್ತಿನಲ್ಲಿ ನೇರಳೆಯ ಎದುರಾಳಿ ಹಲಸು ಆಗಬೇಕಿತ್ತು. ಹಾಗಾಗಿ ಹಲಸಿನವರಿಗೆ ಆಟವಿಲ್ಲ. ಗೆರೆಯಾಚೆ ಕುಳಿತು ನೋಡಿದರು. ಆರು ಗಂಟೆಗೆ ತೆಂಗು ಅತ್ತಿಯನ್ನು 4–0ರಿಂದ ಸೋಲಿಸಿತು. ನಂತರ ಆಲ ಬೇವನ್ನು ಸೋಲಿಸಿತು. ಕೊನೆಯ ಪಂದ್ಯ ಹೊಂಗೆ ಮತ್ತು ಮಾವಿನದು.

ಮಾವಿಗೆ ಆ ಪಂದ್ಯದಿಂದ ಆಗಬೇಕಾದ್ದು ಏನೂ ಇರಲಿಲ್ಲ. ಯಾವ ಲೆಕ್ಕ ಹಿಡಿದರೂ ಸೆಮಿಫೈನಲ್ ಖಚಿತವಾಗಿತ್ತು. ಗೆದ್ದು ಎರಡನೇ ಸ್ಥಾನಕ್ಕೆ ಏರಿದರೂ ಸೋತು ಮೂರರಲ್ಲೇ ಉಳಿದರೂ ಎದುರಾಳಿ ಬೇವೇ. ಮೂವರು ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟರು. ಹೊಂಗೆ 2–0ರಿಂದ ಗೆದ್ದಿತು. ‘ನೋಡಿ ಸಾರ್, ಬಿಟ್ಟುಕೊಟ್ಟರು’ ಎಂದು ಹಲಸಿನವರು ಅಲ್ಲೇ ಕೂಗಿದರು.

ಬಿಟ್ಟುಕೊಟ್ಟರು ಎನ್ನಲು ಯಾವ ಪುರಾವೆಯೂ ಇಲ್ಲ; ಎರಡು ವಾರದಲ್ಲಿ ಸೆಮಿಫೈನಲ್ ಇರುವ ಯಾವ ತಂಡವೂ ಅದನ್ನೇ ಮಾಡುತ್ತಿತ್ತು. ಆದರೆ ಅನುಮಾನಕ್ಕೆ ಜಾಗ ಮಾಡಿಕೊಟ್ಟದ್ದು ಪಂದ್ಯಗಳ ಕ್ರಮ. 1982ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ತನ್ನ ಗುಂಪಿನ ಪಂದ್ಯಗಳನ್ನು ಮೊದಲೇ ಮುಗಿಸಿತ್ತು. ಮರುದಿನ ಸ್ಪೇನಿನ ಹಿಹೋನ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ತಮ್ಮಿಬ್ಬರಿಗೂ ಅನುಕೂಲವಾಗುವ ಫಲಿತಾಂಶ ಯಾವುದೆಂದು ಗೊತ್ತಿಟ್ಟುಕೊಂಡೇ ಇಳಿದವು. ಜರ್ಮನಿ ಬೇಗನೆ ಒಂದು ಗೋಲು ಹೊಡೆದ ಮೇಲೆ ಉಳಿದ ಹೊತ್ತು ಚೆಂಡನ್ನು ಅತ್ತಿತ್ತ ತಳ್ಳುತ್ತಾ ಕಳೆದರು. 1–0ರಲ್ಲಿ ಇಬ್ಬರೂ ಮುಂದೆ ಹೋದರು, ಅಲ್ಜೀರಿಯಾ ಮನೆಗೆ ಹೋಯಿತು. ಮುಂದಿನ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಸಮಯಕ್ಕೆ ಆಡಿಸುತ್ತಾರೆ. ಒಂದೇ ಮೈದಾನವಿರುವ ನಮ್ಮ ಲೀಗ್‌ಗಳಿಗೆ ಆ ಭಾಗ್ಯವಿಲ್ಲ. ಕೊನೆಗೆ ಆಡುವವರಿಗೆ ಎಲ್ಲವೂ ಗೊತ್ತಿರುತ್ತದೆ.

ಮೂರು ಲೆಕ್ಕ

ನೇರಳೆಯನ್ನು ಪೂರ್ತಿ ತೆಗೆದುಹಾಕಿದರೆ ತಲಾ ಆರು ಪಂದ್ಯಗಳ ಅಂಕಪಟ್ಟಿ (ಗೆದ್ದರೆ ಮೂರು, ಸಮವಾದರೆ ಒಂದು) ಹೀಗೆ: ಆಲ 15, ಬೇವು 13, ಮಾವು 10, ಹೊಂಗೆ 8, ಹಲಸು 7, ತೆಂಗು 7, ಅತ್ತಿ 0. ನಾಲ್ಕನೆಯವರು ಹೊಂಗೆ.

ಆಡಿದ್ದನ್ನು ಉಳಿಸಿ, ಆಡದ ಮೂರಕ್ಕೂ 3–0 ವಾಕೋವರ್ ಕೊಟ್ಟರೆ ತಲಾ ಏಳು ಪಂದ್ಯಗಳ ಪಟ್ಟಿ ಹೀಗೆ: ಆಲ 18, ಬೇವು 16, ಮಾವು 13, ಹಲಸು 10, ತೆಂಗು 10, ಹೊಂಗೆ 8, ನೇರಳೆ 6, ಅತ್ತಿ 0. ಹೊಂಗೆ ಹೊರಗೆ; ಹಲಸು ಮತ್ತು ತೆಂಗು ಸಮ.

ಸಮವಾದಾಗ ಗೋಲು ವ್ಯತ್ಯಾಸ, ಅಂದರೆ ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟವನ್ನು ಕಳೆದ ಲೆಕ್ಕ, ನೋಡಿದರೆ ಹಲಸು ಮುಂದೆ. ಉಳಿದ ಆರು ಪಂದ್ಯಗಳಲ್ಲಿ ಇಬ್ಬರದೂ +1. ಆದರೆ ಹಲಸಿಗೆ ಬೆವರಿಲ್ಲದೆ ಸಿಕ್ಕ ಮೂರು ಗೋಲುಗಳಿಂದ +4 ಆಗುತ್ತದೆ. ನೇರಳೆಯನ್ನು ನಿಜವಾಗಿ ಆಡಿ 1–0ರಿಂದ ಸೋಲಿಸಿದ ತೆಂಗಿಗೆ +2. ಮುಖಾಮುಖಿ ಫಲಿತಾಂಶ ನೋಡಿದರೆ ತೆಂಗು ಮುಂದೆ, ಏಕೆಂದರೆ ತೆಂಗು ಹಲಸನ್ನು 2–1ರಿಂದ ಸೋಲಿಸಿತ್ತು.

ಗುಂಪಿನಲ್ಲಿ ಹಾಕಿದ್ದ ನಿಯಮಗಳು ಒಂಬತ್ತು ಸಾಲು. ಅದರಲ್ಲಿ ಐದನೆಯದು, ‘ಸಮಯಕ್ಕೆ ಬಾರದ ತಂಡ ಸೋತಂತೆ, 3–0.’ ಏಳನೆಯದು, ‘ಅಂಕ ಸಮವಾದರೆ ಗೋಲು ನೋಡುವುದು.’ ಲೀಗ್ ಬಿಟ್ಟು ಹೋದರೆ ಏನೆಂದು ಒಂದು ಅಕ್ಷರವೂ ಇಲ್ಲ.

ಹಲಸಿನವರ ವಾದ ನೇರವಾಗಿತ್ತು: ಐದನೇ ಸಾಲು ಓದಿ, ಏಳನೇ ಸಾಲು ಓದಿ, ಬೇವಿಗೆ ಈಗಾಗಲೇ 3–0 ಬರೆದಿದ್ದೀರಿ, ನಮಗೂ ಬರೆಯಿರಿ. ಹೊಂಗೆಯವರು, ಒಂದು ದಿನ ಬಾರದಿರುವುದು ಬೇರೆ, ಲೀಗನ್ನೇ ಬಿಟ್ಟು ಹೋಗುವುದು ಬೇರೆ ಎಂದರು. ಹಬ್ಬಕ್ಕೆ ಮುಂಚೆ ಪೂರ್ತಿ ಬಲದಲ್ಲಿದ್ದ ನೇರಳೆಯ ಎದುರು ನಾವು ಆಡಿ ಸೋತೆವು, ನೀವು ಕುರ್ಚಿಯಲ್ಲಿ ಕುಳಿತು ಗೆಲ್ಲುತ್ತೀರಾ ಎಂದು ಕೇಳಿದರು. ತೆಂಗಿನವರು, ಅದಕ್ಕೂ ಹಿಂದಿನ ವರ್ಷ ಇಬ್ಬರು ಸಮವಾದಾಗ ಸಂಘಟಕರು ನೋಡಿದ್ದು ಆ ಇಬ್ಬರ ನಡುವಿನ ಪಂದ್ಯದ ಗೋಲನ್ನೇ ಎಂದು ನೆನಪಿಸಿದರು. ಅದೂ ನಿಜವೇ, ಹಳೆಯ ಪುಸ್ತಕದಲ್ಲಿ ಇದೆ. ಈ ವಿಷಯದಲ್ಲಿ ಜಗತ್ತೇ ಎರಡು ಪಾಲಾಗಿದೆ: ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೋಲು ವ್ಯತ್ಯಾಸವನ್ನು ಮೊದಲು ನೋಡುತ್ತದೆ, ಸ್ಪೇನಿನ ಲಾ ಲಿಗಾ ಮುಖಾಮುಖಿಯನ್ನು. ಎರಡರಲ್ಲಿ ಯಾವುದನ್ನು ಹಿಡಿದರೂ ಅವಮಾನವಿಲ್ಲ, ಹಿಡಿದದ್ದನ್ನು ಮೊದಲೇ ಹೇಳಿರಬೇಕಷ್ಟೇ.

ಬೇರೆಯವರು ಏನು ಮಾಡಿದ್ದಾರೆ

ತಂಡ ಹಿಂದೆ ಸರಿಯುವ ತೊಂದರೆ ಆಟದಷ್ಟೇ ಹಳೆಯದು. 1950ರ ವಿಶ್ವಕಪ್‌ನಿಂದ ಹಿಂದೆ ಸರಿದವರಲ್ಲಿ ಭಾರತವೂ ಒಂದು. ಇಟಲಿ, ಸ್ವೀಡನ್, ಪರಾಗ್ವೆಗಳ ಜೊತೆ ನಮ್ಮನ್ನು ಹಾಕಿದ್ದ ಗುಂಪು ಮೂರೇ ತಂಡಗಳಲ್ಲಿ ನಡೆಯಿತು. ಇನ್ನೊಂದು ಗುಂಪಿನಲ್ಲಿ ಇಬ್ಬರೇ ಉಳಿದು, ಉರುಗ್ವೆ ಬೊಲಿವಿಯಾವನ್ನು 8–0ರಿಂದ ಸೋಲಿಸಿ ಒಂದೇ ಪಂದ್ಯದಲ್ಲಿ ಅಂತಿಮ ಸುತ್ತಿಗೆ ಹೋಯಿತು, ಕೊನೆಗೆ ಕಪ್ಪನ್ನೂ ಗೆದ್ದಿತು. ಆದರೆ ಅವರೆಲ್ಲ ಹಿಂದೆ ಸರಿದದ್ದು ಆಟ ಶುರುವಾಗುವ ಮುಂಚೆ. ನಡುವೆ ಎದ್ದು ಹೋಗುವುದರ ನೋವು ಬೇರೆ.

ನಮ್ಮ ಪ್ರಕರಣಕ್ಕೆ ಹೆಚ್ಚು ಹತ್ತಿರವಾದದ್ದು 2020ರ ಇಂಗ್ಲೆಂಡ್. ಅಲ್ಲಿ ವೃತ್ತಿಪರ ಲೀಗ್‌ಗಳ ಕೆಳಗೆ ನ್ಯಾಷನಲ್ ಲೀಗ್ ವ್ಯವಸ್ಥೆ ಎಂಬ ಹಂತಹಂತದ ದೊಡ್ಡ ಏಣಿ ಇದೆ. ಕೆಳಹಂತಗಳಲ್ಲಿ ಆಡುವವರು ನಮ್ಮವರಂತೆಯೇ ವಾರವಿಡೀ ಬೇರೆ ಕೆಲಸ ಮಾಡುವವರು. ಕೋವಿಡ್ ಬಂದಾಗ, ಆ ಮಾರ್ಚ್‌ನಲ್ಲಿ, ಅಲ್ಲಿನ ಫುಟ್‌ಬಾಲ್ ಸಂಸ್ಥೆ ಅದರ ಮೂರನೇ ಹಂತದಿಂದ ಕೆಳಗಿನ ಲೀಗ್‌ಗಳ ಇಡೀ ಋತುವಿನ ಫಲಿತಾಂಶಗಳನ್ನು ಅಳಿಸಿಹಾಕಿತು. ಜರ್ಸಿ ದ್ವೀಪದ ಜರ್ಸಿ ಬುಲ್ಸ್ ತಂಡ ತನ್ನ ಮೊದಲ ಋತುವಿನಲ್ಲಿ ಆಡಿದ 27 ಪಂದ್ಯಗಳನ್ನೂ ಗೆದ್ದಿತ್ತು. 27ಕ್ಕೆ 27. ಎಲ್ಲವೂ ಪುಸ್ತಕದಿಂದ ಹೋಯಿತು, ಬಡ್ತಿಯೂ ಹೋಯಿತು. ಅದೇ ವ್ಯವಸ್ಥೆಯ ಕೆಳಹಂತದ ಕ್ಲಬ್‌ಗಳು ಆಡುವ ನಾಕೌಟ್ ಕಪ್ ಎಫ್‌ಎ ವಾಸ್. 1974ರಲ್ಲಿ ಅಮೆಚೂರ್ (ಹಣ ಪಡೆಯದೆ ಆಡುವವರು) ಮತ್ತು ವೃತ್ತಿಪರ ಎಂಬ ಅಧಿಕೃತ ಭೇದವನ್ನು ಕೈಬಿಟ್ಟು ಹಳೆಯ ಅಮೆಚೂರ್ ಕಪ್ ನಿಲ್ಲಿಸಿದ ಮೇಲೆ ಶುರುವಾದದ್ದು ಅದು. ಅದನ್ನು ಅಳಿಸಲಿಲ್ಲ, ಮುಂದೂಡಿದರು. ಆ ಋತುವಿನ ಫೈನಲ್ 2021ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ನಡೆದು ಹೆಬ್ಬರ್ನ್ ಟೌನ್ ತಂಡ ಕಾನ್ಸೆಟ್ ತಂಡವನ್ನು 3–2ರಿಂದ ಸೋಲಿಸಿತು. ಅರ್ಧಕ್ಕೆ ನಿಂತ ನಾಕೌಟನ್ನು ವರ್ಷದ ನಂತರ ಎತ್ತಿಕೊಂಡು ಮುಗಿಸಬಹುದು. ಅರ್ಧಕ್ಕೆ ನಿಂತ ಲೀಗ್ ಎತ್ತಿಕೊಳ್ಳಲು ಸಿಗುವುದಿಲ್ಲ.

ತೀರ್ಮಾನ ಬಂದ ಬಗೆ

ಸಮಿತಿಯ ಐದು ಜನರಲ್ಲಿ ಒಬ್ಬರ ಮಗ ಹಲಸಿನಲ್ಲಿ ಆಡುತ್ತಿದ್ದ, ಇನ್ನೊಬ್ಬರ ತಮ್ಮ ಹೊಂಗೆಯಲ್ಲಿ. ಮತಕ್ಕೆ ಹಾಕಿದರೆ ಫಲಿತಾಂಶವನ್ನು ಯಾರೂ ನಂಬುತ್ತಿರಲಿಲ್ಲ. ಮೂವರ ನಡುವೆ ಇನ್ನೊಂದು ಸುತ್ತು ಆಡಿಸೋಣ ಎಂಬ ಸಲಹೆ ಬಂತು. ಎರಡು ಹೆಚ್ಚುವರಿ ಭಾನುವಾರಗಳಿಗೆ ಮೈದಾನವೂ ಇರಲಿಲ್ಲ, ಹಣವೂ ಇರಲಿಲ್ಲ. ಚೀಟಿ ಎತ್ತೋಣ ಎಂದವರನ್ನು ಎಲ್ಲರೂ ಸೇರಿ ಬೈದರು.

ಕೊನೆಗೆ ನಗರದ ಇನ್ನೊಂದು ಮೂಲೆಯಲ್ಲಿ ವಾಸವಿದ್ದ ನಿವೃತ್ತ ರೆಫರಿಯೊಬ್ಬರನ್ನು ಒಪ್ಪಿಸಿದರು. ಕಾರ್ಯದರ್ಶಿ ಇಲ್ಲಿ ಒಂದು ಜಾಣತನ ತೋರಿಸಿದ್ದಾರೆ, ಅದನ್ನು ಮೆಚ್ಚಲೇಬೇಕು. ತಂಡಗಳ ಹೆಸರು ತೆಗೆದು ಕ, ಖ, ಗ ಎಂದು ಬರೆದ ಪಟ್ಟಿ ಕಳುಹಿಸಿದರು. ಯಾರು ಯಾರೆಂದು ಹೇಳಲಿಲ್ಲ. ಹಿರಿಯರು ಕೇಳಿದ ಪ್ರಶ್ನೆ ಒಂದೇ: ‘ಬಿಟ್ಟು ಹೋದ ತಂಡವನ್ನು ಬದಿಗಿಟ್ಟರೆ ಉಳಿದ ಏಳು ತಂಡಗಳು ಪರಸ್ಪರ ಎಲ್ಲ ಪಂದ್ಯಗಳನ್ನೂ ಆಡಿವೆಯೇ?’ ಆಡಿದ್ದವು, ಇಪ್ಪತ್ತೊಂದೂ. ಹಾಗಾದರೆ ಆ ಇಪ್ಪತ್ತೊಂದೇ ಲೀಗ್ ಎಂದರು. ಬಾರದ ತಂಡಕ್ಕೆ 3–0 ಎಂಬುದು ಒಂದು ಪಂದ್ಯಕ್ಕೆ ಮಾಡಿದ ನಿಯಮ, ತಂಡವೇ ಇಲ್ಲದಿರುವಾಗ ಅದನ್ನು ಎಳೆಯಬಾರದು ಎಂದೂ ಸೇರಿಸಿದರು. ಬೇವಿಗೆ ಬರೆದಿದ್ದ 3–0 ಕೂಡ ಹೋಯಿತು. ಹೊಂಗೆ ಸೆಮಿಫೈನಲ್‌ಗೆ ಹೋಗಿ ಆಲದ ಎದುರು ಸೋತಿತು.

ಹಲಸಿನವರು ಬೇಗ ಸಮಾಧಾನ ಮಾಡಿಕೊಂಡರು. ಆಡದ ಪಂದ್ಯದ ಅಂಕ ಕೇಳುವುದು ಅವರಿಗೇ ಸ್ವಲ್ಪ ಮುಜುಗರವಾಗಿತ್ತು. ತೆಂಗಿನವರ ಸಿಟ್ಟು ಇಳಿಯಲಿಲ್ಲ. ಸಿಟ್ಟಿಗೆ ಕಾರಣವೂ ಇತ್ತು: ಮಳೆಯಲ್ಲಿ ನೆನೆದು, ಕೊನೆಯ ನಿಮಿಷದವರೆಗೆ ಕಾಪಾಡಿಕೊಂಡ 1–0 ಗೆಲುವು ಇನ್ನು ಎಲ್ಲಿಯೂ ಇಲ್ಲ. ನೇರಳೆಯ ಎದುರು ಸೋತವರು ಆ ಸೋಲು ಅಳಿದದ್ದರಿಂದಲೇ ಮುಂದೆ ಹೋದರು, ಗೆದ್ದವರು ಗೆಲುವು ಅಳಿದದ್ದರಿಂದ ಹೊರಬಿದ್ದರು. ತೀರ್ಮಾನ ನಿಷ್ಪಕ್ಷಪಾತವಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಾನಾಗಿದ್ದರೆ ಆಡಿದ ಪಂದ್ಯಗಳನ್ನು ಉಳಿಸುತ್ತಿದ್ದೆ. ನೇರಳೆ ಏಳರಲ್ಲಿ ನಾಲ್ಕು ಆಡಿತ್ತು. ಆಡದ ಮೂರನ್ನು ತುಂಬಿಸಲು ಅಂಕ ಹಂಚುವುದಕ್ಕಿಂತ ಆಡಿದ ನಾಲ್ಕನ್ನು ಅಳಿಸುವುದೇ ದೊಡ್ಡ ಸುಳ್ಳು ಎಂದು ನನ್ನ ಎಣಿಕೆ. ಈ ಎಣಿಕೆಯನ್ನು ನಾನು ಹೇಳುತ್ತಿರುವುದೂ ಪಟ್ಟಿ ನೋಡಿದ ಮೇಲೆಯೇ. ಆದ್ದರಿಂದ ಅದಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಪಟ್ಟಿ ಕಣ್ಣ ಮುಂದೆ ಇರುವಾಗ ಆರಿಸಿದ ನಿಯಮ ಎಷ್ಟೇ ಒಳ್ಳೆಯದಾಗಿದ್ದರೂ ಅದು ನಿಯಮದ ವೇಷ ಹಾಕಿದ ಹೆಸರು.

ಬಾಲವಾಗಿ ಉಳಿದ ಸಂಗತಿಗಳೂ ಇದ್ದವು. ನೇರಳೆಯ ಎದುರಿನ ಪಂದ್ಯದಲ್ಲಿ ಹೊಂಗೆಯ ಹುಡುಗನೊಬ್ಬ ಕೆಂಪು ಕಾರ್ಡ್ ಪಡೆದು ಮುಂದಿನ ಪಂದ್ಯ ಆಡಿರಲಿಲ್ಲ. ಪಂದ್ಯವೇ ಇಲ್ಲವೆಂದ ಮೇಲೆ ಕಾರ್ಡ್ ಎಲ್ಲಿಂದ ಬಂತು, ಅವನನ್ನು ಕೂರಿಸಿದ ಪಂದ್ಯ ಮತ್ತೆ ಆಡಿಸಿ ಎಂದು ಒಬ್ಬರು ಕೇಳಿದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫಲಿತಾಂಶ ಅಳಿದರೂ ಒದ್ದದ್ದು ಅಳಿಯುವುದಿಲ್ಲ. ನೇರಳೆಯವರ ಪ್ರವೇಶ ಶುಲ್ಕದ ಬಗ್ಗೆ ಮಾತೇ ಬರಲಿಲ್ಲ, ಅವರು ಕೇಳಲೂ ಇಲ್ಲ. ಇನ್ನು ಅತ್ತಿ: ನೇರಳೆಯ ಎದುರಿನದನ್ನೂ ಸೇರಿಸಿ ಏಳಕ್ಕೆ ಏಳು ಸೋತ ತಂಡ, ಆದರೆ ಪ್ರತಿ ಭಾನುವಾರ ಮೊದಲ ಪಂದ್ಯಕ್ಕೂ ಮುಂಚೆ ಬಂದು ಬಲೆ ಕಟ್ಟಲು ಕೈಜೋಡಿಸಿದವರು ಅವರೇ. ಲೀಗ್ ನಡೆಸಿದ ಯಾರನ್ನೇ ಕೇಳಿ, ಎಂಟರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ಅತ್ತಿಯ ಹೆಸರು ಹೇಳುತ್ತಾರೆ.

ಈಗ ಬರೆದಿರುವ ನಿಯಮ

ಹೊಸ ನಿಯಮಾವಳಿ ಮೂರು ಪುಟವಿದೆ. ಬಹುಪಾಲು ಹಳೆಯದೇ. ಹೊಸದಾಗಿ ಸೇರಿದ್ದು ಮೊದಲನೆಯದಾಗಿ ಠೇವಣಿ: ಎಲ್ಲ ಪಂದ್ಯಗಳಿಗೂ ಬಂದ ತಂಡಕ್ಕೆ ಫೈನಲ್ ದಿನ ಹಿಂತಿರುಗಿಸುವುದು. ಎರಡನೆಯದು, ಅಂಕ ಸಮವಾದರೆ ಮೊದಲು ಮುಖಾಮುಖಿ ಫಲಿತಾಂಶ, ಆಮೇಲೆ ಒಟ್ಟು ಗೋಲು ವ್ಯತ್ಯಾಸ, ಆಮೇಲೆ ಹೊಡೆದ ಗೋಲುಗಳು. ಅತ್ತಿಯಂಥ ತಂಡಕ್ಕೆ ಎಂಟು–ಹತ್ತು ಗೋಲು ಹೊಡೆದು ವ್ಯತ್ಯಾಸ ಹೆಚ್ಚಿಸಿಕೊಳ್ಳುವ ಆಸೆಯನ್ನು ಇದು ಸ್ವಲ್ಪ ತಗ್ಗಿಸುತ್ತದೆ ಎಂಬುದು ನನ್ನ ವಾದವಾಗಿತ್ತು, ಒಪ್ಪಿದರು. ಮೂರನೆಯದು, ಲೀಗ್ ಬಿಟ್ಟು ಹೋದ ತಂಡ ತನ್ನ ಪಂದ್ಯಗಳಲ್ಲಿ ಅರ್ಧಕ್ಕಿಂತ ಕಡಿಮೆ ಆಡಿದ್ದರೆ ಎಲ್ಲವನ್ನೂ ಅಳಿಸುವುದು, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಆಡಿದ್ದರೆ ಉಳಿದವಕ್ಕೆ 3–0. ಕಾರ್ಡ್‌ಗಳ ಶಿಕ್ಷೆ ಎರಡೂ ಸಂದರ್ಭದಲ್ಲಿ ಉಳಿಯುತ್ತದೆ. ತೀರ್ಮಾನವನ್ನು ತಂಡ ಹೋದ ವಾರವೇ ಗುಂಪಿನಲ್ಲಿ ಬರೆದು ಹಾಕಬೇಕು. ಹೆಬ್ಬೆರಳು ಸಾಲದು.

ಈ ನಿಯಮಗಳನ್ನು ಹಿಂದಿನ ಸಾಲಿಗೆ ಹಚ್ಚಿ ನೋಡಿದರೆ ನಾಲ್ಕನೇ ಜಾಗ ತೆಂಗಿನದಾಗುತ್ತಿತ್ತು. ಸಭೆಯಲ್ಲಿ ಅದನ್ನು ಯಾರೋ ಕೂಡಿಸಿ ಹೇಳಿಯೂ ಬಿಟ್ಟರು. ಆದರೂ ಮೂರನೇ ನಿಯಮವನ್ನು ಅನುಮೋದಿಸಲು ಮೊದಲು ಕೈ ಎತ್ತಿದ್ದು ಹೊಂಗೆಯ ನಾಯಕ. ವೇಳಾಪಟ್ಟಿಯ ಚೀಟಿ ಇನ್ನೂ ಎತ್ತಿರಲಿಲ್ಲ. ಯಾರು ಯಾವಾಗ ಯಾರೊಂದಿಗೆ ಆಡುತ್ತಾರೆಂದು ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ.

ಲೀಗನ್ನು ಜನವರಿಗೆ ಬದಲಾಯಿಸಿದ್ದಾರೆ. ದಸರಾ–ದೀಪಾವಳಿಯ ಗೊಡವೆ ಇಲ್ಲ, ಮಳೆಯೂ ಇಲ್ಲ. ನೇರಳೆ ಠೇವಣಿ ಕಟ್ಟಿ ಮತ್ತೆ ಹೆಸರು ಕೊಟ್ಟಿದೆ. ಕೊನೆಯ ಭಾನುವಾರದ ಪಂದ್ಯಗಳ ಕ್ರಮಕ್ಕೆ ಪರಿಹಾರ ಸಿಕ್ಕಿಲ್ಲ. ಪಕ್ಕದ ಶಾಲೆಯ ಮೈದಾನ ಒಂದು ದಿನಕ್ಕೆ ಸಿಕ್ಕರೆ ಎರಡೆರಡು ಪಂದ್ಯಗಳನ್ನು ಒಟ್ಟಿಗೆ ಆಡಿಸಬಹುದೆಂದು ಅರ್ಜಿ ಹಾಕಿದ್ದಾರೆ. ಅಳಿಸಿದ ಪಂದ್ಯಗಳಲ್ಲಿ ಹೊಡೆದ ಗೋಲುಗಳನ್ನು ಹೆಚ್ಚು ಗೋಲು ಹೊಡೆದವನ ಬಹುಮಾನಕ್ಕೆ ಎಣಿಸಬೇಕೇ ಎಂಬುದು ಮಾತ್ರ ಬಗೆಹರಿಯಲಿಲ್ಲ. ಹಿಂದಿನ ಸಾಲಿನಲ್ಲಿ ಆಲದ ಮುಂಚೂಣಿ ಆಟಗಾರ ನೇರಳೆಯ ಎದುರು ಹೊಡೆದ ಮೂರು ಗೋಲುಗಳನ್ನು ಕಳೆದುಕೊಂಡು ಆ ಬಹುಮಾನವನ್ನೂ ಕಳೆದುಕೊಂಡಿದ್ದ. ಎಂಟು ತಂಡಗಳ ಮತ ನಾಲ್ಕು–ನಾಲ್ಕಾಯಿತು. ಮೊದಲ ಪಂದ್ಯದ ಹಿಂದಿನ ದಿನ ಮತ್ತೆ ಸೇರಿ, ಆಗಲೂ ಸಮವಾದರೆ ಆ ಬಹುಮಾನವನ್ನೇ ಕೈಬಿಡುವುದೆಂದು ಬರೆದುಕೊಂಡಿದ್ದಾರೆ.